ಬೋರಲಿಂಗ ನೆಟ್ಟು ಎಬ್ಬಿಸಿದ್ದು

ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಮಗ ಬೇಕು ಅಂತ ಹರಕೆ ಹೊರ್ತೀರಲ್ಲ, ಹೊರೋ ಮುಂಚೆ ನಿಂಗಾಜಮ್ಮನ್ನ ಒಂದ್ಸಲ ಕೇಳಿ. ಅವಳಿಗೆ ಅಂಥಾ ಮಗನೇ ಹುಟ್ಟಿದ್ದ. ಹೆಸರು ಬೋರಲಿಂಗ. ಅರ್ಜಿ ತುಂಬಿಕೊಡೋ ಒಂದು ಕಂಪ್ಯೂಟರ್ ಅಂಗಡಿ ಅವಳದ್ದು. ಮಗನನ್ನ ಏಳು ಮನೆಯವರು ನೋಡಿ, ಏಳು ಮನೆಯವರೂ ಬೇಡ ಅಂದಿದ್ರು. ಎಂಟನೇ ಹುಡುಗಿ ಕಸ್ತೂರಿ, ದೂರದ ಬೀದರಿನವಳು. ಅವಳ ಮನೆಯವರು ಅವತ್ತು ಸಂಜೆ ನಾಲ್ಕು ಗಂಟೆಗೆ ಕಂಪ್ಯೂಟರಲ್ಲೇ ಹುಡುಗನ್ನ ನೋಡ್ತೀವಿ ಅಂದಿದ್ರು.

"ಇದೂ ತಪ್ಪಿದ್ರೆ ನಿಂಗೆ ಮದುವೆ ಇಲ್ಲ ಕಣೋ!" ಅಂದ್ಲು ಅವ್ವ.

ಬೋರಲಿಂಗ ಬೆಳಿಗ್ಗೆ ಅಂಗಡಿ ತೆಗೆದ. ತಿಂಡಿ ತಿಂದು ಬರೋಷ್ಟರಲ್ಲಿ ಕಂಪ್ಯೂಟರ್ ಮಲಗಿತ್ತು. ಎಬ್ಬಿಸಿದ, ಎದ್ದಿತು. ಇಂಟರ್‌ನೆಟ್ಟು ಮಾತ್ರ ಬರಲಿಲ್ಲ. ಬರುತ್ತೆ ಅಂತ ಕೈಕಟ್ಟಿ ಕೂತ. ಮಧ್ಯಾಹ್ನ ಅವ್ವ ಬಂದಾಗಲೂ ಕೂತೇ ಇದ್ದ.

"ಅಯ್ಯೋ ಪೆದ್ದ! ಅದು ಮಲಗಿ ಎದ್ರೆ ನೆಟ್ಟು ಕಳ್ಕೊಳುತ್ತೆ! ಮಲಗೋಕೇ ಬಿಡಬಾರದು! ಎರಡು ನಿಮಿಷಕ್ಕೊಂದ್ಸಲ ತಟ್ಟುತಾ ಇರ್ಬೇಕು!"

"ಆಯ್ತವ್ವ."

ಈ ಸಂಬಂಧ ತಂದಿದ್ದ ಸೋದರಮಾವ ಮರಿಸ್ವಾಮಿ ಊಟ ಮಾಡಿ ಮನೇಲಿ ಒರಗಿದ್ದ. ಕಣ್ಣು ಮುಚ್ಚಿದ. ಊಟಕ್ಕೆ ಮನೆಗೆ ಬಂದಿದ್ದ ಬೋರಲಿಂಗ ತಟ್ಟಿದ. ಮತ್ತೆ ಮುಚ್ಚಿದ. ಮತ್ತೆ ತಟ್ಟಿದ. ಆರನೇ ಸಲಕ್ಕೆ ಮಾವ ಕೂಗಾಡ್ಕೊಂಡು ಎದ್ದ.

"ಥೂ! ಮಲಗಿದ್ದನ್ನ ಮುಟ್ಟಬಾರದು ಕಣೋ!" ಅಂದ್ಲು ಅವ್ವ. "ದೀಪ ಆರಿಸಿ, ದುಪ್ಪಟಿ ಹೊದಿಸಿ, ಬಾಗಿಲು ಎಳ್ಕೊಂಡು ಬರ್ಬೇಕು!"

"ಆಯ್ತವ್ವ."

ನಾಲ್ಕಕ್ಕೆ ಹತ್ತು ನಿಮಿಷ. ಅವ್ವ, ಮಾವ ಅಂಗಡಿಗೆ ಓಡಿ ಬಂದ್ರು. ಬಾಗಿಲು ಮುಚ್ಚಿದೆ. ಬೋರಲಿಂಗ ಹೊರಗೆ ತುಟಿ ಮೇಲೆ ಬೆರಳಿಟ್ಟು ಕೂತಿದ್ದಾನೆ. "ಶ್! ಮಲಗಿದೆ!" ಒಳಗೆ ಕತ್ತಲು. ಕಂಪ್ಯೂಟರ್ ಮೇಲೆ ಮದುವೆಗೆ ಅಂತ ತಂದ ಹೊಸ ದುಪ್ಪಟಿ.

ನಿಂಗಾಜಮ್ಮ ಹಣೆ ಚಚ್ಚಿಕೊಂಡ್ಲು. "ಇವನಿಗೆ ಬುದ್ಧಿ ಹೇಳ್ತೀನಲ್ಲ, ನಾನೇ ದೊಡ್ಡ ಪೆದ್ದಿ!" ಕಂಪ್ಯೂಟರನ್ನ ಎಬ್ಬಿಸಿದ್ಲು. ನೆಟ್ಟಿಲ್ಲ. ನೆಟ್ಟಿನ ಡಬ್ಬಿಯ ವೈರು ಕಿತ್ತು, ಹತ್ತು ಎಣಿಸಿ, ಸಿಕ್ಕಿಸಿದ್ಲು. ಬಂತು!

"ನೋಡ್ಕೋ! ಎದುರಿಗಿರೋರು ಮಾತಿಲ್ಲದೆ, ಅಲ್ಲಾಡದೆ ನಿಂತ್ರು ಅಂದ್ರೆ ನೆಟ್ಟು ಹೋಗಿದೆ ಅಂತ, ನನ್ನ ಕೇಳ್ಬೇಡ. ವೈರು ಕೀಳು, ಹತ್ತು ಎಣಿಸು!"

"ಆಯ್ತವ್ವ."

ಪರದೆ ಮೇಲೆ ಕಸ್ತೂರಿ ಬಂದ್ಲು, ಅವಳಪ್ಪ ಬಂದ. ಬೋರಲಿಂಗ ಹೆಸರು ಹೇಳಿದ, ನಮಸ್ಕಾರ ಮಾಡಿದ, ಒಂದೂ ತಪ್ಪಲಿಲ್ಲ. ನಿಂಗಾಜಮ್ಮನ ಎದೆ ಹಗುರಾಯ್ತು. ಮಾವ ಕೇಳಿದ: "ಏನಮ್ಮ ಕಸ್ತೂರಿ, ಹುಡುಗ ಒಪ್ಪಿಗೇನಾ?"

ಹುಡುಗಿ ತಲೆ ತಗ್ಗಿಸಿದ್ಲು. ಮಾತಿಲ್ಲ, ಕತೆಯಿಲ್ಲ. ನಮ್ಮಲ್ಲಿ ಹೆಣ್ಣು ಒಪ್ಪಿದೆ ಅಂತ ಹೇಳೋದೇ ಹಾಗೆ! ನಿಂಗಾಜಮ್ಮನ ಕಣ್ಣಲ್ಲಿ ನೀರು ಬಂತು.

"ನಿಂತೋಯ್ತು!" ಅಂದ ಬೋರಲಿಂಗ. ವೈರು ಕಿತ್ತ. "ಒಂದು, ಎರಡು, ಮೂರು..."

ಹತ್ತಾಗೋ ಮುಂಚೆ ಅಂಗಡಿಯ ಟೇಬಲ್ ಫೋನು ಹೊಡ್ಕೊಂಡಿತು. ಹುಡುಗಿಯ ಅಪ್ಪ. "ಏನಮ್ಮಾ, ನಮ್ಮ ಹುಡುಗಿ ಒಪ್ಪಿದ ಕೂಡ್ಲೇ ಮುಖ ಮರೆಸ್ಕೊಂಡ್ರಲ್ಲ! ನಿಮ್ಮ ಹುಡುಗನಿಗೆ ಬೇಡ್ವಾ? ಈಗ್ಲೇ ಹೇಳಿ, ಹೌದೋ ಅಲ್ವೋ!"

ನಿಂಗಾಜಮ್ಮನಿಗೆ ಬಾಯೇ ಬರಲಿಲ್ಲ. ಫೋನು ಕಿವಿಗಿಟ್ಟುಕೊಂಡು ಹಾಗೇ ನಿಂತ್ಲು.

ಬೋರಲಿಂಗ ಅವ್ವನ ಮುಖ ನೋಡಿದ. ಮಾತಿಲ್ಲ. ಅಲ್ಲಾಡ್ತಿಲ್ಲ.

"ಮಾವ, ಅವ್ವಾನೂ ನಿಂತೋದ್ಲು!" ಅಂದೋನೇ ಫೋನಿನ ವೈರನ್ನ ಗೋಡೆಯಿಂದ ಕಿತ್ತು, ಎಣಿಸೋಕೆ ಶುರು ಮಾಡಿದ.