ಅಲ್ಲ ಎನ್ನುವವನು

ಅಮಾವಾಸ್ಯೆಯ ಸಂಜೆ, ಪಾಠ ಮುಗಿದ ಮೇಲೆ, ಶಿಷ್ಯ ಕೇಳಿದ: "ಆಕಾಶದಲ್ಲಿ ಏನೋ ಹಾರಿತು, ಏನೆಂದು ತಿಳಿಯಲಿಲ್ಲ ಎಂಬ ಸುದ್ದಿ ಹಳ್ಳಿಗಳಿಂದಲೇ ಹೆಚ್ಚು ಬರುತ್ತದೆ. ಏಕೆ?"

"ನಿನಗೇನು ಅನ್ನಿಸುತ್ತದೆ?"

"ಅಲ್ಲಿ ಕತ್ತಲೆ ಹೆಚ್ಚು, ಆದ್ದರಿಂದ ಹೆಚ್ಚು ಕಾಣುತ್ತದೆ. ಓದಿದವರೂ ಕಡಿಮೆ."

"ಕತ್ತಲೆಯ ಮಾತು ಸರಿ. ಆದರೆ ಕಂಡದ್ದರ ಗುರುತು ಏಕೆ ಸಿಗುವುದಿಲ್ಲ? ಕೇಳು" ಎಂದು ಗುರುಗಳು ಕತೆ ಹೇಳಿದರು.

ಇಬ್ಬರು ಅಣ್ಣತಮ್ಮಂದಿರು ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದರು. ದಿನವೂ ಸಂಜೆ ಕುರಿಗಳನ್ನು ದೊಡ್ಡಿಗೆ ಸೇರಿಸುವ ಹೊತ್ತಿಗೆ ಒಂದು ಬೆಳಕು ಪಡುವಣದಿಂದ ಮೂಡಣಕ್ಕೆ ಹೋಗುತ್ತಿತ್ತು.

"ಅಗೋ, ನಕ್ಷತ್ರ ಹೊರಟಿತು" ಎನ್ನುತ್ತಿದ್ದ ತಮ್ಮ.

"ಅಲ್ಲ. ವಿಮಾನ ಅದು. ನಿನ್ನ ತಲೆಯಲ್ಲಿ ಉಣ್ಣೆ ತುಂಬಿದೆ" ಎನ್ನುತ್ತಿದ್ದ ಅಣ್ಣ.

ತಮ್ಮ ಒಪ್ಪುತ್ತಿರಲಿಲ್ಲ. ವಾದಿಸುತ್ತಲೇ ಇಬ್ಬರೂ ರೊಟ್ಟಿ ತಿನ್ನುತ್ತಿದ್ದರು.

ಮಳೆಗಾಲದ ಜ್ವರದಲ್ಲಿ ಅಣ್ಣ ತೀರಿಕೊಂಡ. ಬೆಳಕು ಮಾತ್ರ ಬರುತ್ತಲೇ ಇತ್ತು. ತಮ್ಮನಿಗೆ ರೊಟ್ಟಿ ಇಳಿಯದಾಯಿತು. ಅವನು ಪೇಟೆಗೆ ಹೋಗಿ, ಉಣ್ಣೆ ಕೊಳ್ಳುವ ವ್ಯಾಪಾರಿಗೆ ಹೇಳಿದ: "ಸಾವುಕಾರರೇ, ಬಯಲಿನ ಮೇಲೆ ಏನೋ ಹಾರುತ್ತದೆ. ಏನೆಂದು ತಿಳಿಯದು."

"ನೀನಲ್ಲದೆ ಇನ್ಯಾರು ಕಂಡರು?"

"ಕುರಿಗಳು."

"ಹಾಗಾದರೆ ಸಾಕ್ಷಿಗೆ ಅವನ್ನೇ ಕರೆತರಬೇಕಿತ್ತು" ಎಂದು ವ್ಯಾಪಾರಿ ನಕ್ಕ. "ವಿಮಾನ ಕಣಯ್ಯಾ ಅದು."

"ಅಣ್ಣ ಇದ್ದಾಗ ಅದು ವಿಮಾನವೇ ಆಗಿತ್ತು" ಎಂದ ತಮ್ಮ. "ಒಂದು ಸಂಜೆ ನೀವು ಬಂದು ನನ್ನ ಜೊತೆ ನೋಡಿ. ರೊಟ್ಟಿ ನಾನೇ ಕೊಡುತ್ತೇನೆ."

"ಅಂಗಡಿ ಬಿಟ್ಟು ಆಕಾಶ ನೋಡಲು ಬರಲೇ?"

ವ್ಯಾಪಾರಿ ಬರಲಿಲ್ಲ. ಆದರೆ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದ. ಬಯಲಿನಲ್ಲಿ ಏನೋ ಹಾರಾಡುತ್ತಿದೆಯಂತೆ ಎಂದು ಪೇಟೆಯಲ್ಲಿ ಸುದ್ದಿಯಾಯಿತು.

ತಮ್ಮ ಬಯಲಿಗೆ ಮರಳಿದ. ಕುರಿಗಳನ್ನು ದೊಡ್ಡಿಗೆ ಸೇರಿಸಿದ. ಬೆಳಕು ಬಂತು.

"ನಕ್ಷತ್ರ" ಎಂದು ಗಟ್ಟಿಯಾಗಿ ಹೇಳಿದ.

ಅಲ್ಲ ಎನ್ನುವ ದನಿಗಾಗಿ ಕಾದ. ಬೆಳಕು ಮೂಡಣದಲ್ಲಿ ಮರೆಯಾಯಿತು. ಅವನು ಇನ್ನೂ ಕಾಯುತ್ತಲೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅಂಥ ಬೆಳಕಿನ ಗುರುತು ಹಿಡಿಯಲು ಎಷ್ಟು ಓದಿರಬೇಕು?"

ಗುರುಗಳು ಹೇಳಿದರು: "ಇಬ್ಬರಿರಬೇಕು."