ಸೋಮವಾರದ ಸುತ್ತು

“ಗುರುಗಳೇ, ಒಂದು ಒಗಟು. ಬಸಿರು ನಿಲ್ಲಲಿಲ್ಲವೆಂದು ಹೆಣ್ಣಿನ ಮನಸ್ಸು ಬಾಡುತ್ತದೋ, ಮನಸ್ಸು ಬಾಡಿತೆಂದು ಬಸಿರು ನಿಲ್ಲುವುದಿಲ್ಲವೋ? ಯಾವುದು ಮೊದಲು?” ಎಂದು ಶಿಷ್ಯ ಕೇಳಿದ.

“ಅದನ್ನು ಬಿಡಿಸಲು ಹೋಗಿಯೇ ನನ್ನ ತಲೆ ಬೋಳಾಯಿತು,” ಎಂದರು ಗುರುಗಳು. “ಕತೆ ಬೇಕಾದರೆ ಇದೆ.”

ಒಬ್ಬ ಗಾಣಿಗನಿದ್ದ. ಮದುವೆಯಾಗಿ ಏಳು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಅವನ ತಾಯಿ ಸೊಸೆಗೆ ಹರಕೆ ಹೊರಿಸಿದಳು: ನಲವತ್ತೆಂಟು ದಿನ, ಖಾಲಿ ಹೊಟ್ಟೆಯಲ್ಲಿ, ಅರಳಿಮರಕ್ಕೆ ದಿನಕ್ಕೆ ನೂರೆಂಟು ಸುತ್ತು. ಸೋಮವಾರ ಅದರ ಎರಡರಷ್ಟು. ಒಂದು ದಿನ ತಪ್ಪಿದರೂ ಮತ್ತೆ ಮೊದಲಿಂದ. ಆಗಲೇ ಎರಡು ಸಲ ತಪ್ಪಿತ್ತು, ಇದು ಮೂರನೆಯ ಸಲ ಮೊದಲಿಂದ ಹಿಡಿದದ್ದು.

ಮೊದಮೊದಲು ಅವಳು ದೇವರನ್ನು ನೆನೆಯುತ್ತ ಸುತ್ತುತ್ತಿದ್ದಳು. ಆಮೇಲೆ ಮಗುವನ್ನು ನೆನೆಯುತ್ತ. ಈಗ ಏನನ್ನೂ ನೆನೆಯುತ್ತಿರಲಿಲ್ಲ. ಊಟ ಸೇರದು, ನಿದ್ದೆ ಹತ್ತದು, ತಲೆ ಬಾಚಲು ಕೈ ಎತ್ತುವುದೇ ಭಾರ. ಮುಟ್ಟು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ಎದುರಾದ ಹೆಂಗಸರೆಲ್ಲ ಅವಳ ಮುಖ ಬಿಟ್ಟು ಹೊಟ್ಟೆ ನೋಡಿ, “ಏನಮ್ಮಾ, ಏನಾದರೂ ವಿಶೇಷವೇ?” ಎನ್ನುತ್ತಿದ್ದರು.

ನಲವತ್ತನೆಯ ದಿನ ಸೋಮವಾರ ಬಂತು. ಗಾಣದ ಎತ್ತಿಗೆ ಸೋಮವಾರ ನೊಗ ಹೂಡುವ ಪದ್ಧತಿಯಿಲ್ಲ. ಅದು ಹಿತ್ತಲಲ್ಲಿ ಕಾಲು ಚಾಚಿ ಮೆಲುಕು ಹಾಕುತ್ತಿತ್ತು. ಅವಳು ಅದನ್ನು ದಾಟಿಕೊಂಡು ಮರಕ್ಕೆ ಹೋದಳು. ನೂರನೆಯ ಸುತ್ತಿಗೆ ಕುಸಿದು ಕುಳಿತಳು. ಏಳಲಾಗಲಿಲ್ಲ.

ಸುದ್ದಿ ತಿಳಿದು ಗಂಡ ಓಡಿಬಂದ. “ಇನ್ನು ಎಂಟೇ ದಿನ ಕಣೇ, ಎದ್ದೇಳು. ಇಲ್ಲದಿದ್ದರೆ ಅವ್ವ ಮತ್ತೆ ಮೊದಲಿಂದ ಶುರು ಮಾಡಿಸುತ್ತಾಳೆ.”

“ಎತ್ತಿಗೆ ಇವತ್ತು ರಜೆ, ಅಲ್ಲವೇನ್ರೀ?” ಎಂದಳು.

ಗಾಣಿಗ ಉಳಿದ ಸುತ್ತು ತಾನೇ ಹಾಕಿಬಿಡೋಣವೆಂದು ಹೊರಟ. ಕಟ್ಟೆಯ ಮೇಲಿನ ಮುದುಕರು ಬಿಡುತ್ತಾರೆಯೇ? “ಏನಯ್ಯಾ, ನಿನಗೇನಾದರೂ ವಿಶೇಷವೋ?” ಐದನೆಯ ಸುತ್ತಿಗೆ ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಬಂದು ಅವಳ ಪಕ್ಕ ಕುಳಿತ.

“ನಿನಗೆ ಏನಾಗುತ್ತಿದೆ?” ಏಳು ವರ್ಷದಲ್ಲಿ ಮೊದಲ ಸಲ ಕೇಳಿದ.

“ಮಗು ಬೇಕು ಅನ್ನಿಸುತ್ತದೆ. ಬೆಳಗಾಗುವುದೇ ಬೇಡ ಅಂತಲೂ ಅನ್ನಿಸುತ್ತದೆ.”

ಅವನು ಅವಳನ್ನು ಕೈಹಿಡಿದು ಮನೆಗೆ ಕರೆತಂದ. “ಅವ್ವಾ, ಇನ್ನು ಸುತ್ತು ಸಾಕು,” ಎಂದ. ಅವ್ವ ಬೈಯುತ್ತಲೇ ಇದ್ದಳು. ಅವನು ಹೆಂಡತಿಗೆ ಮುದ್ದೆ ಬಡಿಸಿದ. ಅವಳು ಎರಡು ದಿನ ನಿದ್ದೆ ಮಾಡಿದಳು. ಮೂರನೆಯ ದಿನ ತಾನಾಗಿ ಎದ್ದು ತಲೆ ಬಾಚಿಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮುಂದಕ್ಕೆ ಬಾಗಿ, “ಆಮೇಲೆ ಮಗು ಹುಟ್ಟಿತೇ?” ಎಂದ.

“ಮೂರನೆಯ ದಿನ ಅವಳು ಎದ್ದಳೆಂಬ ಕೊನೆ ನಾನು ಕಟ್ಟಿದ್ದಪ್ಪ,” ಎಂದರು ಗುರುಗಳು. “ನಿಜಕ್ಕೂ ಎದ್ದಳೇ ಎಂದು ಕೇಳದೆ, ಆ ಹೆಂಗಸರಂತೆ ನೀನೂ ಅವಳ ಹೊಟ್ಟೆಯನ್ನೇ ನೋಡಿದೆ.”