ಕಿಲುಬು ಹಿಡಿದ ಕೊಪ್ಪರಿಗೆ

"ಗುರುಗಳೇ, ದೇವರು ನನ್ನನ್ನು ಯಾವ ಕೆಲಸಕ್ಕಾಗಿ ಹುಟ್ಟಿಸಿದನೆಂದು ತಿಳಿಯುವುದು ಹೇಗೆ?" ಎಂದು ಶಂಭುಲಿಂಗ ಕೇಳಿದ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. "ದಿನವೂ ಬೇಡಿಕೊಳ್ಳುತ್ತೇನೆ. ಒಂದು ದಿನವೂ ಉತ್ತರ ಬಂದಿಲ್ಲ."

ಗುರುಗಳು ನಕ್ಕು, ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಲಾಯಿಗಾರನಿದ್ದ. ತಾಮ್ರದ ಪಾತ್ರೆಗಳ ಒಳಮೈಗೆ ತವರ ಸವರಿ ಬೆಳ್ಳಿಯ ಹಾಗೆ ಹೊಳೆಯಿಸುವುದು ಅವನ ಕಸುಬು. ಕೈ ಚೊಕ್ಕ, ಮಾತೂ ಚೊಕ್ಕ. ಆದರೆ ವಯಸ್ಸು ನಲವತ್ತು ದಾಟಿದ ಮೇಲೆ ಅವನ ತಲೆಗೆ ಒಂದು ಹುಳ ಹೊಕ್ಕಿತು. ಶಿಲ್ಪಿ ಕಡೆದ ಕಂಬ ಸಾವಿರ ವರ್ಷ ನಿಲ್ಲುತ್ತದೆ. ಕೆರೆ ಕಟ್ಟಿಸಿದವನ ಹೆಸರು ಮರಿಮಕ್ಕಳ ಕಾಲಕ್ಕೂ ಉಳಿಯುತ್ತದೆ. ತಾನು ಹಾಕಿದ ಕಲಾಯಿ ಆರು ತಿಂಗಳಿಗೆ ಸವೆದುಹೋಗುತ್ತದೆ. ಸವೆದುಹೋಗುವುದನ್ನು ಮಾಡಲಿಕ್ಕೆಂದು ದೇವರು ಯಾರನ್ನಾದರೂ ಹುಟ್ಟಿಸಿಯಾನೇ? ತನಗಾಗಿ ಬೇರೆ ಏನೋ ದೊಡ್ಡದನ್ನು ಇಟ್ಟಿರಬೇಕು; ಹೇಳುವುದನ್ನು ಮರೆತಿರಬೇಕು.

ಹೆಂಡತಿಯ ಮುಂದೆ ಇದನ್ನು ಹೇಳಿಕೊಂಡ. "ಮರೆತಿದ್ದರೆ ಹೋಗಿ ನೆನಪು ಮಾಡಿ ಬನ್ನಿ" ಎಂದು ಅವಳು ಬುತ್ತಿ ಕಟ್ಟಿಕೊಟ್ಟಳು.

ಗುಡ್ಡದ ಮೇಲಿನ ಅಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿಯಿತ್ತು. ದೇವಿಯ ಎರಡು ಭುಜಗಳಿಗೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಕಲಾಯಿಗಾರ ಬೆಳಗ್ಗೆಯೇ ಹೋಗಿ ಕೈಮುಗಿದು ನಿಂತ.

"ಏನು ಕೇಳಬೇಕಪ್ಪಾ?" ಎಂದರು ಅರ್ಚಕರು.

"ನಾನು ಹುಟ್ಟಿದ್ದು ಏತಕ್ಕೆ ಅಂತ, ಸ್ವಾಮಿ."

ಅರ್ಚಕರು ಹೂವನ್ನು ತಟ್ಟೆಗೆ ವಾಪಸು ಹಾಕಿದರು. "ಅಮ್ಮನಿಗೆ ಎಲ್ಲ ಗೊತ್ತು. ಆದರೆ ಹೂವಿಗೆ ಬರುವುದು ಹೌದು, ಬೇಡ, ಎರಡೇ ಮಾತು. ಇಂಥದ್ದು ಎಂದು ಒಂದನ್ನು ಹಿಡಿದು ಕೇಳು. ಯೋಚಿಸಿಕೊಂಡು ಬಾ, ನಾನೆಲ್ಲಿಗೂ ಹೋಗುವುದಿಲ್ಲ."

ಅವನು ಹೊರಗೆ ಬಂದು ಜಗಲಿಯ ಮೇಲೆ ಕುಳಿತ. ಕೆರೆ ಕಟ್ಟಿಸಲೇ ಎಂದು ಕೇಳೋಣವೆಂದರೆ ಆ ವಿದ್ಯೆ ಗೊತ್ತಿಲ್ಲ. ಸನ್ಯಾಸ ತೆಗೆದುಕೊಳ್ಳಲೇ ಎಂದು ಕೇಳೋಣವೆಂದರೆ, ಅಮ್ಮ ಎಲ್ಲಾದರೂ ಹೌದು ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆ.

ಅಂದು ಗುಡಿಯಲ್ಲಿ ಒಂದು ಮದುವೆಯಿತ್ತು. ತಂದೆಯಿಲ್ಲದ ಹುಡುಗಿ. ತಾಯಿ ಅಲ್ಲಿ ಇಲ್ಲಿ ಹೊಂದಿಸಿ ಇನ್ನೂರು ಎಲೆಗೆ ಅಡಿಗೆ ಮಾಡಿಸುತ್ತಿದ್ದಳು. ಜಗಲಿಯ ಪಕ್ಕದಲ್ಲೇ ಒಲೆ ಹೂಡಿದ್ದರು. ಅಡಿಗೆಯವನು ದೊಡ್ಡ ಕೊಪ್ಪರಿಗೆಯನ್ನು ಒಲೆಯ ಮೇಲೆ ಇಡಿಸಿ, ಹುಣಸೆರಸದ ಹಂಡೆಯನ್ನು ಇಬ್ಬರಿಂದ ಎತ್ತಿಸಿದ. ಕಲಾಯಿಗಾರನ ಕಣ್ಣು ಸುಮ್ಮನೆ ಕೊಪ್ಪರಿಗೆಯ ಒಳಗೆ ಹೋಯಿತು. ಕಲಾಯಿ ಪೂರ್ತಿ ಸವೆದು ತಾಮ್ರ ಬರಿಮೈಯಾಗಿತ್ತು. ಸುತ್ತ ಹಸಿರು ಕಿಲುಬು.

"ಸುರಿಯಬೇಡ!"

ಎಲ್ಲರೂ ತಿರುಗಿ ನೋಡಿದರು. ಯಾರು ಕೂಗಿದ್ದೆಂದು ಕಲಾಯಿಗಾರನೂ ಒಂದು ಗಳಿಗೆ ಸುತ್ತ ನೋಡಿದ. ನೋಡಿದರೆ ಎದ್ದು ಓಡಿ ಬಂದವನು ತಾನೇ. ಹಂಡೆಗೆ ಅಡ್ಡ ಇದ್ದದ್ದು ತನ್ನದೇ ಕೈ.

"ಮುಹೂರ್ತ ಹತ್ತಿರ ಬಂತು. ನಿನ್ನದೇನಯ್ಯಾ ನಡುವೆ?" ಎಂದು ಅಡಿಗೆಯವನು ಸಿಡುಕಿದ.

"ಇದರಲ್ಲಿ ಹುಳಿ ಕುದಿಸಿದರೆ ವಿಷವಾಗುತ್ತದೆ. ಉಂಡವರೆಲ್ಲ ಹಾಸಿಗೆ ಹಿಡಿಯುತ್ತಾರೆ. ನನಗೆ ಒಂದು ತಾಸು ಕೊಡಿ."

ಅಷ್ಟು ದೊಡ್ಡ ಕೊಪ್ಪರಿಗೆ ಗುಡಿಯಲ್ಲಿ ಇನ್ನೊಂದಿರಲಿಲ್ಲ. ಹುಡುಗಿಯ ತಾಯಿ ಕಲಾಯಿಗಾರನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. ತವರ, ನವಸಾಗರದ ಪುಡಿ, ಅರಳೆ ಅವನ ಚೀಲದಲ್ಲಿದ್ದವು. ಇಪ್ಪತ್ತು ವರ್ಷದ ರೂಢಿ, ಚೀಲವಿಲ್ಲದೆ ಅವನು ಹೊಸಿಲು ದಾಟಿದವನಲ್ಲ. ತಿದಿ ಮಾತ್ರ ಮನೆಯಲ್ಲೇ ಉಳಿದಿತ್ತು.

"ಗಾಳಿ ಬೇಕು" ಎಂದ.

ಹೆಣ್ಣಿನ ಕಡೆಯವರು ಮೊರ ಹಿಡಿದು ಬೀಸಿದರು. ಸಾಲದಾಯಿತು. ಬೆಳಗಿನಿಂದ ಮರ್ಯಾದೆ ಕಡಿಮೆಯಾಯಿತೆಂದು ಮುಖ ಗಂಟಿಕ್ಕಿಕೊಂಡು ಕುಳಿತಿದ್ದ ವರನ ತಂದೆ ಎದ್ದ. ಜರಿಯ ಶಲ್ಯವನ್ನು ಸೊಂಟಕ್ಕೆ ಬಿಗಿದು ತಾನೂ ಒಂದು ಮೊರ ತೆಗೆದುಕೊಂಡ. ಬೂದಿ ಹಾರಿ ಅವನ ಮೀಸೆ ಯಾವುದು, ಮೂಗು ಯಾವುದು ತಿಳಿಯದಂತಾಯಿತು. ಮದುಮಗಳು ಬಾಸಿಂಗದ ಮರೆಯಿಂದ ಕಿಸಕ್ಕನೆ ನಕ್ಕಳು. ಭಾವೀ ಮಾವನೂ ನಕ್ಕ. ಆಮೇಲೆ ಬೀಗರೆಂಬ ಭೇದ ಉಳಿಯಲಿಲ್ಲ.

ಕಲಾಯಿಗಾರ ಮರಳು ಹಾಕಿ ಉಜ್ಜಿದ. ಕಾಸಿದ. ನವಸಾಗರ ಎರಚಿ, ತವರ ಕರಗಿಸಿ, ಅರಳೆಯಿಂದ ಸವರಿದ. ಬಿಳಿ ಹೊಗೆ ಎದ್ದು ಕರಗಿತು. ಕೊಪ್ಪರಿಗೆಯ ಒಳಗೆ ಹುಣ್ಣಿಮೆ ಮೂಡಿದ ಹಾಗಾಯಿತು.

ತಾಳಿ ಮುಹೂರ್ತಕ್ಕೆ ಸರಿಯಾಗಿ ಬಿತ್ತು. ಊಟ ಒಂದು ತಾಸು ತಡವಾಯಿತು. ಹಸಿದು ಕುಳಿತವರು ಹುಳಿಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ತಾಯಿ ಕಲಾಯಿಗಾರನನ್ನು ಬೀಗರ ಪಂಕ್ತಿಯಲ್ಲಿ ಕೂರಿಸಿ ತಾನೇ ಪಾಯಸ ಬಡಿಸಿದಳು. ಸಾಲುಸಾಲು ಎಲೆಗಳ ಮುಂದೆ ಜನ ಉಣ್ಣುವುದನ್ನು ಅವನು ಕಣ್ತುಂಬ ನೋಡಿದ. ಅಷ್ಟು ಹಗುರವಾಗಿ ಅವನು ಉಂಡು ಬಹಳ ದಿನಗಳಾಗಿದ್ದವು.

ಸಂಜೆ ಅರ್ಚಕರು ಎದುರಾದರು. "ಏನಪ್ಪಾ, ನಿನ್ನ ಪ್ರಶ್ನೆ ಸಿದ್ಧವಾಯಿತೇ?"

"ಯಾವ ಪ್ರಶ್ನೆ, ಸ್ವಾಮಿ?" ಎಂದುಬಿಟ್ಟು ಅವನು ನಾಲಿಗೆ ಕಚ್ಚಿಕೊಂಡ. ಇಬ್ಬರೂ ನಕ್ಕರು. ಅವನು ಅಮ್ಮನಿಗೆ ಅಡ್ಡಬಿದ್ದು, ಚೀಲ ಹೆಗಲಿಗೇರಿಸಿ, ಗುನುಗುತ್ತ ಗುಡ್ಡ ಇಳಿದ.

ಕತೆ ಮುಗಿಯಿತು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ.

"ಅಷ್ಟು ದೂರ ಹತ್ತಿ ಹೋದರೂ ಅಮ್ಮ ಅವನಿಗೆ ಒಂದು ಮಾತೂ ಹೇಳಲಿಲ್ಲವಲ್ಲ, ಗುರುಗಳೇ?"

ಗುರುಗಳೆಂದರು: "'ಸುರಿಯಬೇಡ' ಎಂದು ಕೂಗಿದ್ದು ಯಾರು ಅಂದುಕೊಂಡೆ?"